ಬಾಗಿಲಲ್ಲಿ ಕಾದ ನಿಮಿಷಕ್ಕೆ ಕೂಲಿ ಯಾರು ಕೊಡಬೇಕು?

ಪಾರ್ಸೆಲ್ ಡೆಲಿವರಿ ಅಂದ ಕೂಡಲೇ ಕಣ್ಣಿಗೆ ಬರುವುದು ಓಡುವ ಗಾಡಿ. ಆದರೆ ಈ ಕೆಲಸದಲ್ಲಿ ಗಾಡಿ ಓಡುವುದಕ್ಕಿಂತ ನಿಲ್ಲುವುದೇ ಜಾಸ್ತಿ. ಲಂಡನ್ನಿನಲ್ಲಿ ಪಾರ್ಸೆಲ್ ವ್ಯಾನುಗಳ ದಿನವನ್ನು ಅಳೆದು ನೋಡಿದ ಸಂಶೋಧಕರಿಗೂ ಇದೇ ಕಂಡಿತು. ಒಂದು ಸುತ್ತಿನ ಅರ್ಧಕ್ಕಿಂತ ಹೆಚ್ಚು ಹೊತ್ತು ವ್ಯಾನು ರಸ್ತೆ ಬದಿಯಲ್ಲಿ ನಿಂತಿರುತ್ತದೆ. ಚಾಲಕರು ಸುಮಾರು 8 ಕಿಲೋಮೀಟರ್ ನಡೆಯುತ್ತಾರೆ, ಅದೂ ಕೈಯಲ್ಲಿ ಭಾರ ಹಿಡಿದುಕೊಂಡು.

ಆ ನಿಂತ ಹೊತ್ತಿನಲ್ಲಿ ಏನೇನು ನಡೆಯುತ್ತದೆ ನೋಡಿ. ಮ್ಯಾಪಿನಲ್ಲಿ ಲೊಕೇಶನ್ ಒಂದು ಕಡೆ, ಮನೆ ಇನ್ನೊಂದು ಕಡೆ. ಗೇಟಿನಲ್ಲಿ ಹೆಸರು ಬರೆಸಬೇಕು. ಲಿಫ್ಟ್ ಕೆಟ್ಟಿರುತ್ತದೆ, ಅಥವಾ ಡೆಲಿವರಿಯವರು ಹತ್ತಬಾರದು ಅಂತ ಬೋರ್ಡ್ ಇರುತ್ತದೆ. ಬೆಲ್ ಒತ್ತಿದರೆ ಉತ್ತರ ಇಲ್ಲ, ಫೋನ್ ಮಾಡಿದರೆ ಎತ್ತುವುದಿಲ್ಲ, ಎತ್ತಿದರೆ ಓಟಿಪಿ ಬೇರೆಯವರ ಫೋನಿಗೆ ಹೋಗಿರುತ್ತದೆ, ಆ ಬೇರೆಯವರು ಮೀಟಿಂಗಿನಲ್ಲಿ ಇರುತ್ತಾರೆ. ಕ್ಯಾಷ್ ಆನ್ ಡೆಲಿವರಿ ಆದರೆ ಚಿಲ್ಲರೆ ಹುಡುಕಬೇಕು. ಇಷ್ಟೆಲ್ಲ ಆಗಿ ಕೊನೆಗೆ 'ನಾಳೆ ಬನ್ನಿ' ಅಂದರೆ ಆ ಪಾರ್ಸೆಲ್ ಮತ್ತೆ ಗಾಡಿಗೆ, ಸಂಜೆ ಮತ್ತೆ ಹಬ್ಬಿಗೆ, ಅಂದರೆ ಪಾರ್ಸೆಲ್ ಬೇರ್ಪಡಿಸಿ ಗಾಡಿಗೆ ತುಂಬುವ ಗೋದಾಮಿಗೆ. ಡೆಲಿವರಿ ಆದ ಪೀಸಿಗೆ ಮಾತ್ರ ದುಡ್ಡು ಅನ್ನುವ ಪದ್ಧತಿ ಇರುವ ಕಡೆ ಆ ಇಡೀ ಓಡಾಟಕ್ಕೆ ಸಿಗುವುದು ಸೊನ್ನೆ. ಬೆಳಿಗ್ಗೆ ಹಬ್ಬಿನಲ್ಲಿ ಲೋಡ್ ಬರುವುದನ್ನು ಕಾಯುವುದು, ಪಾರ್ಸೆಲ್ ಬೇರ್ಪಡಿಸುವುದು, ಸ್ಕ್ಯಾನ್ ಮಾಡುವುದು, ಕೊನೆಗೆ ಕೊಡಬೇಕಾದ್ದನ್ನು ಮೊದಲು ತುಂಬುವುದು, ರಾತ್ರಿ ಉಳಿದ ಪೀಸು ಮತ್ತು ದುಡ್ಡಿನ ಲೆಕ್ಕ ಒಪ್ಪಿಸುವುದು, ಇದ್ಯಾವುದಕ್ಕೂ ಬಹಳಷ್ಟು ಕಡೆ ಬೇರೆ ಕೂಲಿ ಇಲ್ಲ.

ಆರ್ಡರ್ ಜಾಸ್ತಿ ಆಗಿದ್ದರಿಂದ ಈ ಕೆಲಸ ಕಷ್ಟವಾಯಿತು ಅಂತ ಸುಮಾರು ಜನ ಹೇಳುತ್ತಾರೆ. ನನಗೆ ಅದು ಪೂರ್ತಿ ನಿಜ ಅನ್ನಿಸುವುದಿಲ್ಲ. ಪಾರ್ಸೆಲ್ ಹಂಚುವ ಕೆಲಸದಲ್ಲಿ ಈ ವ್ಯರ್ಥ ನಿಮಿಷಗಳು ಯಾವಾಗಲೂ ಇದ್ದವು. ಅದರ ಖರ್ಚು ಯಾರ ತಲೆಯ ಮೇಲೆ ಬೀಳಬೇಕು ಅನ್ನುವುದು ಬದಲಾಗುತ್ತಾ ಬಂದಿದೆ, ತೊಂದರೆಯ ಬೇರು ಅಲ್ಲಿದೆ.

ಬ್ರಿಟನ್ನಿನ ಅಂಚೆ ಇಲಾಖೆ ಪಾರ್ಸೆಲ್ ಸೇವೆ ಶುರು ಮಾಡಿದ್ದು 1883ರ ಆಗಸ್ಟ್ 1ರಂದು. ಮೊದಲ ದಿನದಿಂದಲೇ ಅಲ್ಲಿ ಪಾಲಿನ ಜಗಳ ಇತ್ತು. ರೈಲಿನಲ್ಲಿ ಹೋಗುವ ಪ್ರತಿ ಪಾರ್ಸೆಲ್ಲಿನ ಅಂಚೆ ದರದಲ್ಲಿ ಶೇ. 55ರಷ್ಟನ್ನು ರೈಲ್ವೆ ಕಂಪನಿಗಳಿಗೆ ಕೊಡಬೇಕು ಅಂತ ಕಾನೂನೇ ಹೇಳಿತ್ತು. ಅದು ಎಷ್ಟು ದುಬಾರಿ ಆಯಿತೆಂದರೆ, ರೈಲು ಬಂದು ಅಷ್ಟು ವರ್ಷ ಆದಮೇಲೂ 1887ರಲ್ಲಿ ಲಂಡನ್‌ನಿಂದ ಬ್ರೈಟನ್‌ಗೆ ಕುದುರೆ ಗಾಡಿಯಲ್ಲೇ ಪಾರ್ಸೆಲ್ ಕಳಿಸಲು ಶುರು ಮಾಡಿದರು. ಬಾಗಿಲಿಗೆ ತಂದುಕೊಡುವ ಅಂಚೆಯವರ ಪಾಡೂ ಸುಖದ್ದಲ್ಲ. 1890ರಲ್ಲಿ ಲಂಡನ್ನಿನಲ್ಲಿ ಮುಷ್ಕರ ಹೂಡಿ ಸೋತರು, ನೂರಾರು ಜನ ಕೆಲಸ ಕಳೆದುಕೊಂಡರು. ಆದರೂ ಒಂದು ವ್ಯತ್ಯಾಸ ಇತ್ತು. ಅವರದು ಸಂಬಳದ ಕೆಲಸ. ಬಾಗಿಲು ತೆರೆಯದಿದ್ದರೆ ಆ ದಿನದ ಸಂಬಳ ಕಡಿಮೆ ಆಗುತ್ತಿರಲಿಲ್ಲ.

ಅಮೆರಿಕದಲ್ಲಿ ಸರ್ಕಾರಿ ಪಾರ್ಸೆಲ್ ಸೇವೆ ಬಂದದ್ದು 1913ರ ಜನವರಿ 1ಕ್ಕೆ. ಅದಕ್ಕೂ ಮೊದಲೇ, 1907ರಲ್ಲಿ, ಸಿಯಾಟಲ್ ನಗರದಲ್ಲಿ ಜಿಮ್ ಕೇಸಿ ಎಂಬ 19 ವರ್ಷದ ಹುಡುಗ 100 ಡಾಲರ್ ಸಾಲ ತಂದು ಒಂದು ಮೆಸೆಂಜರ್ ಕಂಪನಿ ತೆರೆದಿದ್ದ. ಅದೇ ಮುಂದೆ ಯುಪಿಎಸ್ ಎಂಬ ದೊಡ್ಡ ಪಾರ್ಸೆಲ್ ಕಂಪನಿ ಆಯಿತು. ಕೈಕಾಲಿನ ಪ್ರತಿ ಚಲನೆಯನ್ನೂ ಅಳೆಯುವ ಅಭ್ಯಾಸ ಈ ಕಂಪನಿಯಲ್ಲಿ ಗಟ್ಟಿಯಾಗಿ ಬೇರೂರಿತು. ಗಾಡಿ ಕೀ ಯಾವ ಬೆರಳಿಗೆ ಸಿಕ್ಕಿಸಿಕೊಳ್ಳಬೇಕು, ಹೇಗೆ ಇಳಿಯಬೇಕು ಅನ್ನುವುದನ್ನೂ ಸೇರಿಸಿ 340 ವಿಧಾನಗಳನ್ನು ಚಾಲಕರಿಗೆ ಕಲಿಸುತ್ತಾರೆ. ಕೇಳಿದರೆ ಉಸಿರು ಕಟ್ಟುತ್ತದೆ, ಅಲ್ವಾ? ಆದರೆ ಚಾಲಕರು ಟೀಮ್‌ಸ್ಟರ್ಸ್ ಯೂನಿಯನ್ನಿನ ಸದಸ್ಯರು. ಗಂಟೆ ಲೆಕ್ಕದ ಸಂಬಳ, ಓವರ್‌ಟೈಮ್, ಪಿಂಚಣಿ ಎಲ್ಲ ಒಪ್ಪಂದದಲ್ಲಿ ಇತ್ತು. 1997ರ ಆಗಸ್ಟ್‌ನಲ್ಲಿ ಅದೇ ಕಂಪನಿಯ ಸುಮಾರು 1,85,000 ಕೆಲಸಗಾರರು 15 ದಿನ ಮುಷ್ಕರ ಮಾಡಿ, ಪಾರ್ಟ್‌ಟೈಮ್ ಕೆಲಸಗಳನ್ನು ಫುಲ್‌ಟೈಮ್ ಮಾಡಿಸಿಕೊಂಡರು. 2023ರ ಒಪ್ಪಂದದಲ್ಲಿ ಮುಂದಿನ ವರ್ಷದಿಂದ ಕೊಳ್ಳುವ ಹೊಸ ಡೆಲಿವರಿ ಗಾಡಿಗಳಿಗೆ ಎಸಿ ಬೇಕು ಅಂತ ಬರೆಸಿಕೊಂಡರು. ಬೇಸಿಗೆಯಲ್ಲಿ ಮುಚ್ಚಿದ ತಗಡಿನ ವ್ಯಾನಿನ ಹಿಂಭಾಗಕ್ಕೆ ದಿನಕ್ಕೆ ನೂರು ಸಲ ಹತ್ತಿ ಇಳಿಯುವವರಿಗೆ ಅದು ಶೋಕಿಯ ವಿಷಯ ಅಲ್ಲ, ಜೀವದ ವಿಷಯ.

ತಿರುವು ಬಂದದ್ದು ಬೇರೆ ಕಡೆಯಿಂದ. 1985ರಲ್ಲಿ ರೋಡ್‌ವೇ ಪ್ಯಾಕೇಜ್ ಸಿಸ್ಟಮ್ ಎಂಬ ಹೊಸ ಕಂಪನಿ ಚಾಲಕರನ್ನು ನೌಕರಿಗೆ ತೆಗೆದುಕೊಳ್ಳದೆ, ಸ್ವತಂತ್ರ ಗುತ್ತಿಗೆದಾರರು ಅಂತ ಕರೆದು ಕೆಲಸ ಕೊಟ್ಟಿತು. ಗಾಡಿ ನಿಮ್ಮದು, ಇಂಧನ ನಿಮ್ಮದು, ರಿಪೇರಿ ನಿಮ್ಮದು, ವಿಮೆ ನಿಮ್ಮದು. 1998ರಲ್ಲಿ ಫೆಡೆಕ್ಸ್ ಎಂಬ ದೊಡ್ಡ ಪಾರ್ಸೆಲ್ ಕಂಪನಿ ಇದನ್ನು ಕೊಂಡಿತು, ಪದ್ಧತಿ ಮುಂದುವರಿಯಿತು. ಗಾಡಿಗೆ ಬಳಿಯುವ ಬಣ್ಣ ಕಂಪನಿ ಹೇಳಿದ್ದೇ, ಸಮವಸ್ತ್ರ ಟೋಪಿಯಿಂದ ಶೂ, ಸಾಕ್ಸಿನವರೆಗೆ ಕಂಪನಿ ಹೇಳಿದ್ದೇ, ಯಾವ ದಿನ ಎಷ್ಟು ಪಾರ್ಸೆಲ್ ಅನ್ನುವುದೂ ಕಂಪನಿಯೇ ನಿರ್ಧರಿಸುವುದು. ಇಷ್ಟಾದ ಮೇಲೆ ಸ್ವತಂತ್ರ ಅನ್ನುವುದು ಎಲ್ಲಿ ಉಳಿಯಿತು? 2014ರಲ್ಲಿ ಅಮೆರಿಕದ ಫೆಡರಲ್ ಮೇಲ್ಮನವಿ ಕೋರ್ಟ್ ಕ್ಯಾಲಿಫೋರ್ನಿಯಾದ ಚಾಲಕರ ಮೊಕದ್ದಮೆಯಲ್ಲಿ ಇವರು ನೌಕರರೇ ಅಂತ ಹೇಳಿತು. ಮರುವರ್ಷ ಕಂಪನಿ ಸುಮಾರು 2,000 ಚಾಲಕರ ಜೊತೆ 22.8 ಕೋಟಿ ಡಾಲರ್‌ಗೆ ರಾಜಿಗೆ ಒಪ್ಪಿತು. ಅಷ್ಟು ಹೊತ್ತಿಗೆ ಕಂಪನಿ ಮುಂದಿನ ಏರ್ಪಾಡಿಗೆ ಹೋಗಿ ಆಗಿತ್ತು. ಒಬ್ಬೊಬ್ಬ ಚಾಲಕರ ಬದಲು ಸಣ್ಣ ಗುತ್ತಿಗೆ ಕಂಪನಿಗಳಿಗೆ ರೂಟ್ ಕೊಡುವುದು, ಚಾಲಕರು ಆ ಸಣ್ಣ ಕಂಪನಿಯ ನೌಕರರಾಗಿ ಇರುವುದು. ಅಮೆಜಾನ್ 2018ರಲ್ಲಿ ತಂದ ಡೆಲಿವರಿ ಪಾರ್ಟ್ನರ್ ಯೋಜನೆಯೂ ಹೆಚ್ಚು ಕಡಿಮೆ ಇದೇ ದಾರಿಯದು. ಅದಕ್ಕೂ ಮೊದಲು, 2015ರಲ್ಲಿ, ಸ್ವಂತ ಕಾರಿನಲ್ಲಿ ಬಂದು ಸ್ಲಾಟ್ ಹಿಡಿದು ಹಂಚುವ, ಅಮೆಜಾನ್‌ನದೇ ಫ್ಲೆಕ್ಸ್ ಎಂಬ ಯೋಜನೆ ಬಂದಿತ್ತು.

ಕ್ಯಾಲಿಫೋರ್ನಿಯಾದ ಇನ್ನೊಂದು ಮೊಕದ್ದಮೆ ಇದಕ್ಕಿಂತ ಮುಖ್ಯ. ಡೈನಮೆಕ್ಸ್ ಎಂಬ ಪಾರ್ಸೆಲ್ ಕಂಪನಿ 2004ರಲ್ಲಿ ತನ್ನ ನೌಕರ ಚಾಲಕರನ್ನೆಲ್ಲ ಗುತ್ತಿಗೆದಾರರಾಗಿ ಬದಲಿಸಿತು. ಜನ ಅವರೇ, ಕೆಲಸ ಅದೇ, ಖರ್ಚು ಮಾತ್ರ ಚಾಲಕರ ಜೇಬಿಗೆ. 2018ರ ಏಪ್ರಿಲ್‌ನಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಕೆಲಸ ಮಾಡುವವರು ನೌಕರರೇ ಅಂತ ಮೊದಲು ತಿಳಿಯಬೇಕು, ಅಲ್ಲ ಅಂತ ಸಾಬೀತು ಮಾಡುವ ಹೊಣೆ ಕಂಪನಿಯದು. ಈ ಒಂದು ಬದಲಾವಣೆ ಸಣ್ಣದಲ್ಲ. ವಕೀಲರಿಗೆ ಫೀಸು ಕೊಡಲು ಶಕ್ತಿ ಇಲ್ಲದ ಚಾಲಕರು ವರ್ಷಗಟ್ಟಲೆ ಕೋರ್ಟು ಅಲೆದು ಸಾಬೀತು ಮಾಡಬೇಕಾದ್ದನ್ನು ಈಗ ಎದುರಿನವರು ಮಾಡಬೇಕು. 2020ರ ಜನವರಿಯಿಂದ ಇದು ಅಲ್ಲಿ ಕಾನೂನೂ ಆಯಿತು.

ಈ ನಡುವೆ ಚಾಲಕರ ಕೈಗೆ ಸ್ಕ್ಯಾನರ್ ಬಂದಿತ್ತು. ಫೆಡೆಕ್ಸ್ 1986ರಲ್ಲಿ, ಯುಪಿಎಸ್ 1990ರ ದಶಕದ ಆರಂಭದಲ್ಲಿ ಇದನ್ನು ತಂದವು. ಪಾರ್ಸೆಲ್ ಎಲ್ಲಿದೆ ಅಂತ ತಿಳಿಯಲು ಬಂದ ಯಂತ್ರ ಚಾಲಕರು ಎಲ್ಲಿದ್ದಾರೆ ಅಂತಲೂ ಹೇಳತೊಡಗಿತು. ಆಮೇಲೆ ಜಿಪಿಎಸ್, ರೂಟ್ ಹಾಕುವ ಸಾಫ್ಟ್‌ವೇರ್, ಕ್ಯಾಮೆರಾ. ನಿಮಿಷಗಳ ಲೆಕ್ಕ ಇಷ್ಟು ಸ್ಪಷ್ಟವಾಗಿ ಸಿಗುವ ಕಾಲದಲ್ಲೇ ಕಾದ ನಿಮಿಷಕ್ಕೆ ಕೂಲಿ ಇಲ್ಲ ಅನ್ನುವುದು ನನಗೆ ತುಂಬಾ ಬೇಸರ ತರುವ ವಿಷಯ. ಚಾಲಕರು ಎಷ್ಟು ಹೊತ್ತು ಎಲ್ಲಿ ನಿಂತರು ಅಂತ ಕಂಪನಿಗೆ ಗೊತ್ತು. ತಡವಾದಾಗ ಅದೇ ಲೆಕ್ಕ ತೆಗೆದು ಕೇಳುತ್ತಾರೆ. ಕೂಲಿ ಕೊಡುವಾಗ ಆ ಲೆಕ್ಕ ಹೊರಗೆ ಬರುವುದಿಲ್ಲ.

ಸಾಫ್ಟ್‌ವೇರ್ ಹಾಕಿದ ರೂಟಿನಲ್ಲಿ ಶೌಚಕ್ಕೆ ಹೋಗುವ ಹೊತ್ತೂ ಇರುವುದಿಲ್ಲ. 2021ರ ಮಾರ್ಚ್‌ನಲ್ಲಿ ಅಮೆಜಾನ್ ತನ್ನ ಕೆಲಸಗಾರರು ಬಾಟಲಿಯಲ್ಲಿ ಮೂತ್ರ ಮಾಡುತ್ತಾರೆ ಅನ್ನುವುದನ್ನು ಟ್ವಿಟರ್‌ನಲ್ಲಿ ತಳ್ಳಿಹಾಕಿತು. ಕೆಲವೇ ದಿನಗಳಲ್ಲಿ, ಏಪ್ರಿಲ್ ಆರಂಭದಲ್ಲಿ, ಚಾಲಕರ ವಿಷಯದಲ್ಲಿ ಆ ಮಾತು ತಪ್ಪು ಅಂತ ಕ್ಷಮೆ ಕೇಳಿತು. ಹೆಂಗಸರಿಗೆ ಇದು ಇನ್ನೂ ಕಷ್ಟ. ದಿನವಿಡೀ ನೀರು ಕುಡಿಯದೆ ಕೆಲಸ ಮಾಡುವುದೇ ಅಭ್ಯಾಸ ಆಗಿಬಿಡುತ್ತದೆ.

ಕಾಯಿಲೆ ಬಿದ್ದರೆ ಏನು? 2018ರ ಜನವರಿಯಲ್ಲಿ ಬ್ರಿಟನ್ನಿನಲ್ಲಿ ಡಿಪಿಡಿ ಕಂಪನಿಗೆ ದುಡಿಯುತ್ತಿದ್ದ, ಮಧುಮೇಹ ಇದ್ದ ಚಾಲಕರೊಬ್ಬರು ತೀರಿಕೊಂಡರು. ಆಸ್ಪತ್ರೆಗೆ ಹೋದ ದಿನದ ರೂಟಿಗೆ ಬದಲಿ ಜನ ಕೊಡಲಿಲ್ಲ ಅಂತ ಅವರಿಗೆ ಹಿಂದೆ 150 ಪೌಂಡ್ ದಂಡ ಬಿದ್ದಿತ್ತು. ಆಮೇಲೆ ಅವರು ಆಸ್ಪತ್ರೆಯ ಭೇಟಿಗಳನ್ನೇ ತಪ್ಪಿಸಿದ್ದರು. ಸುದ್ದಿ ಆದಮೇಲೆ ಅದೇ ವರ್ಷ ಕಂಪನಿ ದಂಡದ ಪದ್ಧತಿ ಕೈಬಿಟ್ಟಿತು. ಸಂಬಳದ ಕೆಲಸದಲ್ಲಿ ರಜೆ ಅಂತ ಕರೆಯುವುದಕ್ಕೆ ಇಲ್ಲಿ ಒಪ್ಪಂದ ಮುರಿದದ್ದು ಅಂತ ಹೆಸರು.

ಜಪಾನ್ ಕಥೆ ಸ್ವಲ್ಪ ಬೇರೆ. ಅಲ್ಲಿ ಯಮಾಟೊ ಕಂಪನಿ ಮನೆಮನೆ ಪಾರ್ಸೆಲ್ ಸೇವೆ ಶುರು ಮಾಡಿದ್ದು 1976ರ ಜನವರಿಯಲ್ಲಿ, ಮೊದಲ ದಿನ ಬಂದದ್ದು 11 ಪಾರ್ಸೆಲ್. ಗ್ರಾಹಕರು ಹೇಳಿದ ಹೊತ್ತಿಗೆ, ಇಲ್ಲದಿದ್ದರೆ ಮತ್ತೊಮ್ಮೆ, ಅದೂ ಪುಕ್ಕಟೆಯಾಗಿ ತಂದುಕೊಡುವುದು ಆ ಸೇವೆಯ ಹೆಗ್ಗಳಿಕೆ ಆಯಿತು. 2015ರಲ್ಲಿ ಅಲ್ಲಿನ ಸಾರಿಗೆ ಸಚಿವಾಲಯ ಲೆಕ್ಕ ಹಾಕಿತು: ಪಾರ್ಸೆಲ್‌ಗಳಲ್ಲಿ ಸುಮಾರು ಶೇ. 20ರಷ್ಟನ್ನು ಎರಡನೇ ಸಲ ಒಯ್ಯಬೇಕಾಗುತ್ತಿದೆ, ಇದರಲ್ಲಿ ಹೋಗುವ ಶ್ರಮ ವರ್ಷಕ್ಕೆ ಸುಮಾರು 90,000 ಚಾಲಕರ ದುಡಿಮೆಗೆ ಸಮ. ಪುಕ್ಕಟೆ ಅಂತ ನಾವು ಕರೆಯುವುದರ ಹಿಂದೆ ಇಷ್ಟು ಜನರ ಬೆವರು. 2017ರಲ್ಲಿ ಯಮಾಟೊ ಹತ್ತಾರು ಸಾವಿರ ನೌಕರರಿಗೆ ಓವರ್‌ಟೈಮ್ ಬಾಕಿ ಉಳಿಸಿದ್ದನ್ನು ಒಪ್ಪಿ ಕೊಟ್ಟಿತು. ಮಧ್ಯಾಹ್ನ 12ರಿಂದ 2ರ ಡೆಲಿವರಿ ಸ್ಲಾಟನ್ನೇ ತೆಗೆದುಹಾಕಿತು, ಚಾಲಕರು ಊಟ ಮಾಡಲಿ ಅಂತ. 2024ರ ಏಪ್ರಿಲ್‌ನಿಂದ ಅಲ್ಲಿ ಚಾಲಕರ ಓವರ್‌ಟೈಮ್‌ಗೆ ವರ್ಷಕ್ಕೆ 960 ಗಂಟೆಯ ಮಿತಿ ಇದೆ.

ದಕ್ಷಿಣ ಕೊರಿಯಾದಲ್ಲಿ ಪಾಠ ಕಲಿತದ್ದು ಹೆಣ ಬಿದ್ದ ಮೇಲೆ. ಕೊರೊನಾ ಕಾಲದಲ್ಲಿ ಎಲ್ಲರೂ ಮನೆಯಲ್ಲಿ ಕೂತು ತರಿಸಿಕೊಳ್ಳುತ್ತಿದ್ದಾಗ, 2020ರಲ್ಲಿ ಒಬ್ಬರ ಹಿಂದೆ ಒಬ್ಬರು ಪಾರ್ಸೆಲ್ ಚಾಲಕರು ಅತಿಯಾದ ದುಡಿಮೆಯಿಂದ ಸತ್ತರು ಅಂತ ಯೂನಿಯನ್‌ಗಳು ಬೀದಿಗೆ ಬಂದವು. ಅವರ ದೊಡ್ಡ ದೂರು ರಸ್ತೆಯ ಬಗ್ಗೆ ಅಲ್ಲ, ಹಬ್ಬಿನ ಬಗ್ಗೆ. ಬೆಳಿಗ್ಗೆ ಗಂಟೆಗಟ್ಟಲೆ ಪಾರ್ಸೆಲ್ ಬೇರ್ಪಡಿಸುವ ಕೆಲಸ ಮಾಡಿದ ಮೇಲೇ ಡೆಲಿವರಿ ಶುರು, ಕೂಲಿ ಮಾತ್ರ ಡೆಲಿವರಿಗೆ. 2021ರ ಜೂನ್‌ನಲ್ಲಿ ಸರ್ಕಾರ, ಕಂಪನಿಗಳು, ಯೂನಿಯನ್‌ಗಳು ಕೂತು ಒಪ್ಪಂದ ಮಾಡಿದವು. ಬೇರ್ಪಡಿಸುವ ಕೆಲಸ ಚಾಲಕರದಲ್ಲ, ವಾರಕ್ಕೆ 60 ಗಂಟೆ ಮೀರಬಾರದು. 60 ಗಂಟೆಯೂ ಕಡಿಮೆ ಏನಲ್ಲ. ಆದರೂ ಲೆಕ್ಕಕ್ಕೆ ಸಿಗದೆ ಹೋಗುತ್ತಿದ್ದ ಹೊತ್ತನ್ನು ಹೆಸರು ಹೇಳಿ ಕಾಗದದ ಮೇಲೆ ತಂದ ಒಪ್ಪಂದ ಅಂತ ನಾನು ಇದನ್ನು ಮೆಚ್ಚುತ್ತೇನೆ.

ಭಾರತದಲ್ಲಿ 2020ರ ಸಾಮಾಜಿಕ ಭದ್ರತಾ ಸಂಹಿತೆ ಗಿಗ್ ಕೆಲಸಗಾರರನ್ನು, ಅಂದರೆ ಕಾಯಂ ನೌಕರಿ ಇಲ್ಲದೆ ಬಿಡಿ ಬಿಡಿ ಕೆಲಸಕ್ಕೆ ದುಡಿಯುವವರನ್ನು, ಗುರುತಿಸಿತು, ರಾಜಸ್ಥಾನ 2023ರಲ್ಲಿ, ಕರ್ನಾಟಕ 2025ರಲ್ಲಿ ತಮ್ಮದೇ ಕಾನೂನು ತಂದವು. ಇವು ಮುಖ್ಯವಾಗಿ ಕಲ್ಯಾಣ ನಿಧಿಯ ಕಾನೂನುಗಳು. ಯುರೋಪಿಯನ್ ಒಕ್ಕೂಟ 2024ರಲ್ಲಿ ಒಪ್ಪಿದ ನಿರ್ದೇಶನ ಆ್ಯಪ್ ಮೂಲಕ ದುಡಿಯುವವರ ವಿಷಯದಲ್ಲಿ ಕ್ಯಾಲಿಫೋರ್ನಿಯಾದ ಹಾಗೆ ಸಾಬೀತಿನ ಹೊಣೆಯನ್ನು ಕಂಪನಿಗಳ ಕಡೆಗೆ ತಳ್ಳುತ್ತದೆ, ಸದಸ್ಯ ದೇಶಗಳಿಗೆ 2026ರ ಡಿಸೆಂಬರ್‌ವರೆಗೆ ಗಡುವು. ಜರ್ಮನಿ ಇನ್ನೊಂದು ಕಡೆಯಿಂದ ಹಿಡಿಯಿತು. 2019ರಲ್ಲಿ ಪಾರ್ಸೆಲ್ ಕೆಲಸಗಾರರಿಗಾಗಿಯೇ ಒಂದು ಕಾನೂನು ಮಾಡಿ, ಕೆಳಗಿನ ಗುತ್ತಿಗೆದಾರ ಸಾಮಾಜಿಕ ವಿಮೆಯ ದುಡ್ಡು ಕಟ್ಟದಿದ್ದರೆ ಮೇಲಿನ ದೊಡ್ಡ ಕಂಪನಿಯೇ ಹೊಣೆ ಅಂತ ಹೇಳಿತು. 2024ರ ಅಂಚೆ ಕಾನೂನಿನಲ್ಲಿ ಭಾರಕ್ಕೂ ನಿಯಮ ಬಂತು: 10 ಕಿಲೋ ಮೀರಿದ ಪೊಟ್ಟಣದ ಮೇಲೆ ಗುರುತು ಇರಬೇಕು, 20 ಕಿಲೋ ಮೀರಿದರೆ ಇಬ್ಬರು ಎತ್ತಬೇಕು ಅಥವಾ ಸರಿಯಾದ ಸಲಕರಣೆ ಕೊಡಬೇಕು. ಸೊಂಟ ನೋವಿನಿಂದ ಈ ಕೆಲಸ ಬಿಡುವವರನ್ನು ಕಂಡವರಿಗೆ ಇದರ ಬೆಲೆ ಗೊತ್ತು.

ಈಗ ಎಲ್ಲರೂ ಪಾರ್ಸೆಲ್ ಲಾಕರ್ ಬಗ್ಗೆ, ಅಂದರೆ ಗ್ರಾಹಕರೇ ಬಂದು ತೆಗೆದುಕೊಂಡು ಹೋಗಲಿ ಅಂತ ಪಾರ್ಸೆಲ್ ಇಡುವ ಬೀಗದ ಪೆಟ್ಟಿಗೆಗಳ ಬಗ್ಗೆ, ಮಾತಾಡುತ್ತಿದ್ದಾರೆ. ಒಂದೇ ಜಾಗಕ್ಕೆ ಹತ್ತಾರು ಪೀಸು, ಬೆಲ್ ಇಲ್ಲ, ಫೋನ್ ಇಲ್ಲ, ಎರಡನೇ ಸಲದ ಓಡಾಟ ಇಲ್ಲ. ನಿಮಿಷ ಉಳಿಯುವುದು ನಿಜ. ಆದರೆ ಪೀಸ್ ಲೆಕ್ಕದ ಕೂಲಿಯಲ್ಲಿ, ಇದು ಸುಲಭದ ಡೆಲಿವರಿ ಅಂತ ದರ ಇಳಿಸಿ, ಉಳಿದ ಹೊತ್ತಿಗೆ ಇನ್ನಷ್ಟು ಲೋಡ್ ತುಂಬಿಸಲು ಯಾವ ತಡೆಯೂ ಇಲ್ಲ. ಸುಲಭದವು ಲಾಕರ್‌ಗೆ ಹೋಗಿ, ಮೂರನೇ ಮಹಡಿಯ ಫ್ರಿಜ್ಜು, ಮಂಚ, ಸಿಗದ ವಿಳಾಸಗಳು ಮಾತ್ರ ಚಾಲಕರಿಗೆ ಉಳಿದರೆ ಒಂದೊಂದು ಪೀಸಿಗೆ ಈಗಿನದಕ್ಕಿಂತ ಜಾಸ್ತಿ ಹೊತ್ತು ಬೇಕು, ಹಳೆಯ ದರದಲ್ಲಿ ಅದು ಸಾಧ್ಯವೇ ಇಲ್ಲ. ಅದಕ್ಕೇ ಲಾಕರ್ ಬರುವ ಕಡೆಯೆಲ್ಲ ಚಾಲಕರ ಯೂನಿಯನ್‌ಗಳು ಮೊದಲು ಕೇಳಬೇಕಾದ್ದು ಗಂಟೆಯ ಕನಿಷ್ಠ ಕೂಲಿಯನ್ನು, ಪೀಸಿನ ದರದ ಮಾತು ಅದಾದ ಮೇಲೆ.