26ಕ್ಕೇ ಕೀಲು ನೋವು: ನೋವು ಬರುವ ಹೊತ್ತು ಏನು ಹೇಳುತ್ತದೆ?

ಪ್ರಶ್ನೆ: ನನಗೆ 26 ವರ್ಷ. ಕಂಪ್ಯೂಟರ್ ಮುಂದೆ ಕೂತು ಮಾಡುವ ಕೆಲಸ. ಮೂರು ತಿಂಗಳಿಂದ ಕೈಬೆರಳು, ಮಣಿಕಟ್ಟು ನೋಯುತ್ತಿವೆ, ಆಗಾಗ ಮಂಡಿಯೂ. ಮನೆಯಲ್ಲಿ ಹೇಳಿದರೆ "ಈ ವಯಸ್ಸಿಗೆ ಎಂಥ ಗಂಟುನೋವು, ಮೊದಲು ಆ ಮೊಬೈಲ್ ಬಿಡು" ಅಂತಾರೆ. ಏನು ಕಾರಣ ಇರಬಹುದು? ಏನು ಮಾಡಲಿ?

ಉತ್ತರ: ಕೀಲು ನೋವಿಗೆ ವಯಸ್ಸಿನ ಲೆಕ್ಕ ಇಲ್ಲ. ಮೊದಲು ಒಂದು ವಾರ ಗಮನಿಸಿ: ನೋವು ಯಾವ ಹೊತ್ತಿನಲ್ಲಿ ಜಾಸ್ತಿ? ಬೆಳಿಗ್ಗೆ ಎದ್ದಾಗಲೋ, ಸಂಜೆ ಕೆಲಸ ಮುಗಿದ ಮೇಲೋ? ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ದಿನವಿಡೀ ಓಡಾಡಿ ಸಂಜೆಗೆ ನೋವು ಏರಿ, ಮಲಗಿ ಎದ್ದರೆ ಇಳಿಯುವಂತಿದ್ದರೆ ಅದು ಹೆಚ್ಚಾಗಿ ಬಳಕೆಯಿಂದ ಬಂದದ್ದು. ಯುವಜನರ ಮಂಡಿ ನೋವು ಬಹುಪಾಲು ಈ ಜಾತಿಯದು. ಮೆಟ್ಟಿಲು ಇಳಿಯುವಾಗ, ಬಹಳ ಹೊತ್ತು ಕೂತು ಎದ್ದಾಗ ಮಂಡಿಚಿಪ್ಪಿನ ಸುತ್ತ ನೋಯುತ್ತದೆ. ಮೂಳೆ ಸವೆದಿದೆ ಎಂದು ಹೆದರಬೇಡಿ. ತೊಡೆ ಮತ್ತು ಸೊಂಟದ ಸ್ನಾಯುಗಳಿಗೆ ಬಲ ಸಾಲದೆ ಮಂಡಿಯ ಮೇಲೆ ಭಾರ ಬೀಳುತ್ತಿರುತ್ತದೆ, ಅಷ್ಟೇ. ಅಂಗಾತ ಮಲಗಿ, ಒಂದು ಕಾಲು ಮಡಚಿ, ಇನ್ನೊಂದನ್ನು ನೆಟ್ಟಗೆ ಒಂದು ಅಡಿ ಎತ್ತಿ 5 ಸೆಕೆಂಡ್ ಹಿಡಿಯಿರಿ. ಹೀಗೆ ಒಂದೊಂದು ಕಾಲಿಗೆ 10 ಸಲ. ನಾಲ್ಕು ದಿನ ಮಾಡಿ ಬಿಟ್ಟರೆ ಏನೂ ಆಗದು, ಎರಡು ತಿಂಗಳಾದರೂ ಮಾಡಬೇಕು. ನೋವಿಲ್ಲದೆ ಬರೀ ಲಟಲಟ ಶಬ್ದ ಬಂದರೆ ಅದಕ್ಕೆ ಚಿಕಿತ್ಸೆಯೇ ಬೇಡ.

ಇನ್ನೊಂದು ಬಗೆ ಇದಕ್ಕೆ ಉಲ್ಟಾ. ಬೆಳಿಗ್ಗೆ ಬೆರಳು ಮಡಚಲಾಗದು. ಹಲ್ಲುಜ್ಜುವ ಬ್ರಷ್ ಹಿಡಿಯುವುದೂ ಕಷ್ಟ. ಅರ್ಧ ಗಂಟೆ, ಒಂದು ಗಂಟೆ ಕೈಯಾಡಿಸಿದ ಮೇಲೆ ಸಡಿಲವಾಗುತ್ತದೆ. ವಿಶ್ರಾಂತಿಯಿಂದ ಬಿಗಿದು, ಓಡಾಟದಿಂದ ಕಡಿಮೆಯಾಗುವ ಈ ನೋವನ್ನು ದಯವಿಟ್ಟು ಹಗುರವಾಗಿ ನೋಡಬೇಡಿ. ನಮ್ಮದೇ ರೋಗನಿರೋಧಕ ಶಕ್ತಿ ಕೀಲಿನ ಒಳಪೊರೆಯ ಮೇಲೆ ತಿರುಗಿಬಿದ್ದಾಗ ಹೀಗಾಗುತ್ತದೆ. ಎರಡೂ ಕೈಗಳ ಸಣ್ಣ ಕೀಲುಗಳು ಊದಿಕೊಂಡರೆ ರುಮಟಾಯ್ಡ್ ಸಂಧಿವಾತದ ಅನುಮಾನ. ಇದು ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಜಾಸ್ತಿ. ಜೊತೆಗೆ ಬಿಸಿಲಿಗೆ ಮುಖ ಕೆಂಪಾಗುವುದು, ಬಾಯಿಹುಣ್ಣು, ಕೂದಲು ಉದುರುವುದು ಇದ್ದರೆ ಲೂಪಸ್ ಇರಬಹುದು, ಅಂದರೆ ಇದೇ ರೋಗನಿರೋಧಕ ಶಕ್ತಿ ಚರ್ಮ, ಮೂತ್ರಪಿಂಡದಂಥ ಅಂಗಗಳ ಮೇಲೂ ತಿರುಗಿಬೀಳುವ ಕಾಯಿಲೆ. ನೋವು ಸೊಂಟದಲ್ಲಿದ್ದು, ಬೆಳಗಿನ ಜಾವ ಎಬ್ಬಿಸಿ, ನಡೆದಾಡಿದ ಮೇಲೆ ಕಡಿಮೆಯಾದರೆ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್, ಅಂದರೆ ಬೆನ್ನುಮೂಳೆಯ ಕೀಲುಗಳು ಉರಿಯೂತದಿಂದ ಬಿಗಿಯುವ ಕಾಯಿಲೆ, ಇದೆಯೇ ಎಂದು ನೋಡಬೇಕು. ಇದು ಶುರುವಾಗುವುದೇ ಇಪ್ಪತ್ತರ ಆಸುಪಾಸಿನಲ್ಲಿ. "ಗಾಡಿ ಓಡಿಸಿ ಸೊಂಟ ಹಿಡಿದಿದೆ" ಎಂದು ವರ್ಷಗಟ್ಟಲೆ ಮುಲಾಮು ಹಚ್ಚಿಕೊಂಡು ಕೂತವರು ಎಷ್ಟೋ ಜನ. ಅದನ್ನು ಕಂಡಾಗ ನಿಜಕ್ಕೂ ಸಂಕಟವಾಗುತ್ತದೆ. ಇಂಥ ಕಾಯಿಲೆಗಳಲ್ಲಿ ಒಮ್ಮೆ ಹಾಳಾದ ಕೀಲು ಮೊದಲಿನಂತೆ ಆಗುವುದಿಲ್ಲ, ಬೇಗ ಔಷಧಿ ಶುರುಮಾಡಿದರೆ ಮಾತ್ರ ಉಳಿಸಿಕೊಳ್ಳಬಹುದು.

ಇತ್ತೀಚೆಗೆ ಜ್ವರ ಬಂದಿತ್ತಾ? ನೆನಪು ಮಾಡಿಕೊಳ್ಳಿ. ಚಿಕುನ್‌ಗುನ್ಯಾ ಎಂದರೆ ಆಫ್ರಿಕಾದ ಮಕೊಂಡೆ ಭಾಷೆಯಲ್ಲಿ ಮೈ ಬಾಗಿಸುವಂಥದ್ದು ಎಂದರ್ಥ. 2006ರಲ್ಲಿ ಕರ್ನಾಟಕದ ಹಳ್ಳಿಗಳಲ್ಲಿ ಅದು ಹಬ್ಬಿದ್ದನ್ನು ಕಂಡ ಹಿರಿಯರಿಗೆ ಆ ಹೆಸರನ್ನು ವಿವರಿಸಬೇಕಿಲ್ಲ. ಜ್ವರ ಒಂದು ವಾರದಲ್ಲಿ ಬಿಟ್ಟರೂ ಮಣಿಕಟ್ಟು, ಬೆರಳು, ಕಾಲಿನ ಗಿಣ್ಣಿನ ನೋವು ತಿಂಗಳುಗಟ್ಟಲೆ ಉಳಿಯಬಹುದು. ವಿಟಮಿನ್ ಡಿ ಅಥವಾ ಥೈರಾಯ್ಡ್ ಕಡಿಮೆಯಾದರೂ ಮೈಕೈ ನೋವು ಇರುತ್ತದೆ. ಆದರೆ ಕೀಲು ಊದಿದ್ದರೆ ಅದಕ್ಕೆ ವಿಟಮಿನ್ ಕೊರತೆಯೇ ಕಾರಣ ಎಂದು ಸುಮ್ಮನಾಗಬೇಡಿ. 60,000 ಯೂನಿಟ್‌ನ ವಿಟಮಿನ್ ಡಿ ಪ್ಯಾಕೆಟನ್ನು ನೀವೇ ತಂದು ತಿಂಗಳುಗಟ್ಟಲೆ ನುಂಗುವುದೂ ಬೇಡ. ಅತಿಯಾದರೆ ಮೂತ್ರಪಿಂಡಕ್ಕೆ ತೊಂದರೆ.

ಮಣಿಕಟ್ಟು, ಬೆರಳು ಎಂದು ನೀವು ಬರೆದದ್ದರಿಂದ ಹೇಳುತ್ತೇನೆ. ಬೆಳಗಿನ ಬಿಗಿತ ಅರ್ಧ ಗಂಟೆ ಮೀರುತ್ತಿದ್ದರೆ, ಊತ ಇದ್ದರೆ, ಸಂಧಿವಾತ ತಜ್ಞರನ್ನು, ಅಂದರೆ ರುಮಟಾಲಜಿಸ್ಟ್ ಅನ್ನು ಕಾಣಿ. ರುಮಟಾಯ್ಡ್ ಸಂಧಿವಾತದ ಪತ್ತೆಗೆ ಮಾಡುವ ಆರ್‌ಎ ಫ್ಯಾಕ್ಟರ್ ರಕ್ತಪರೀಕ್ಷೆ ನೆಗೆಟಿವ್ ಬಂದರೂ ಕಾಯಿಲೆ ಇರಬಹುದು. ಪಾಸಿಟಿವ್ ಬಂದ ಆರೋಗ್ಯವಂತರೂ ಇದ್ದಾರೆ. ತಜ್ಞರು ಸಂಧಿವಾತದ ಹತೋಟಿಗೆ ಮೆಥೊಟ್ರೆಕ್ಸೇಟ್ ಮಾತ್ರೆ ಬರೆದರೆ ಅದು ವಾರಕ್ಕೆ ಒಂದು ದಿನ ಮಾತ್ರ. ತಪ್ಪಿ ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಮಗು ಬೇಕು ಎಂಬ ಯೋಚನೆ ಇದ್ದರೆ ಮೊದಲೇ ತಿಳಿಸಿ, ಗರ್ಭಿಣಿಯರು ಅದನ್ನು ತೆಗೆದುಕೊಳ್ಳುವಂತಿಲ್ಲ.

ಅಲ್ಲಿಯವರೆಗೆ ಬೆಳಿಗ್ಗೆ ಉಗುರುಬೆಚ್ಚನೆಯ ನೀರಿನಲ್ಲಿ ಹತ್ತು ನಿಮಿಷ ಕೈ ಇಟ್ಟು ಬೆರಳು ಮಡಚಿ ಬಿಡಿಸಿ. ಅಂಗಡಿಯಲ್ಲಿ ಕೇಳಿ ತಂದ ನೋವಿನ ಮಾತ್ರೆಯನ್ನು ವಾರಗಟ್ಟಲೆ ನುಂಗಬೇಡಿ. ಹೊಟ್ಟೆ, ಮೂತ್ರಪಿಂಡ ಎರಡಕ್ಕೂ ಪೆಟ್ಟು. ಹೆಸರಿಲ್ಲದ ಪೊಟ್ಟಣದ ಪುಡಿ ಎರಡೇ ದಿನಕ್ಕೆ ನೋವು ಮಾಯ ಮಾಡಿದರೆ ಅದರಲ್ಲಿ ಸ್ಟಿರಾಯ್ಡ್ ಬೆರೆತಿರುವ ಸಾಧ್ಯತೆ ಇದೆ. ಹೆಚ್ಚು ಸ್ಟಿರಾಯ್ಡ್‌ನಿಂದ ತೊಡೆಮೂಳೆಯ ತಲೆಗೆ ರಕ್ತ ಹೋಗದೆ ಸೊಂಟದ ಕೀಲು ಕುಸಿದ ಯುವಕರಿದ್ದಾರೆ. ಒಂದೇ ಕೀಲು ಇದ್ದಕ್ಕಿದ್ದಂತೆ ಕೆಂಪಗೆ, ಬಿಸಿಯಾಗಿ ಊದಿ ಜ್ವರವೂ ಬಂದರೆ ನಾಳೆಗೆ ಇಡಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಕೀಲಿನೊಳಗೆ ಕೀವು ತುಂಬಿರಬಹುದು.

ಇನ್ನೊಂದು ಮಾತು. ಊತ ಇದ್ದರೆ ಅದು ಬೆಳಿಗ್ಗೆ ಕಾಣುತ್ತದೆ, ಡಾಕ್ಟರ್ ಸಿಗುವುದು ಸಂಜೆ. ಅಷ್ಟರಲ್ಲಿ ಕೈ ಮಾಮೂಲಿನಂತೆ ಕಾಣಬಹುದು. ಹಾಗಾಗಿ ಎದ್ದ ತಕ್ಷಣ ಎರಡೂ ಕೈಗಳ ಫೋಟೊ ತೆಗೆದಿಡಿ. ಬಿಗಿತ ಎಷ್ಟು ಹೊತ್ತಿಗೆ ಬಿಟ್ಟಿತು ಎಂದು ದಿನಾ ಒಂದು ಸಾಲು ಬರೆದಿಡಿ. ಆ ಫೋಟೊ, ಆ ಚೀಟಿ ಎರಡನ್ನೂ ಡಾಕ್ಟರ್ ಮುಂದೆ ಇಡಿ.