ಇರಾಕಿ ದಿನಾರ್ ಕೊಂಡಿಟ್ಟರೆ ಮುಂದೊಂದು ದಿನ ಕೋಟಿ ಬರುತ್ತದೆಯೇ?

ಪ್ರಶ್ನೆ: ದುಬೈಯಲ್ಲಿ ಕೆಲಸದಲ್ಲಿರುವ ನಮ್ಮ ಭಾವ 4,000 ದಿರ್ಹಮ್ ಕೊಟ್ಟು 10 ಲಕ್ಷ ಇರಾಕಿ ದಿನಾರ್ ತಗೊಂಡಿದ್ದಾರೆ. ಹಿಂದೆ ಒಂದು ದಿನಾರ್‌ಗೆ ಮೂರು ಡಾಲರ್ ಸಿಗುತ್ತಿತ್ತಂತೆ. ಇರಾಕ್ ಈಗ ಚೇತರಿಸಿಕೊಳ್ಳುತ್ತಿದೆ, ಹಳೇ ಬೆಲೆ ವಾಪಸ್ ಬಂದರೆ ನಾವು ಕೋಟ್ಯಧಿಪತಿಗಳು ಅನ್ನುತ್ತಾರೆ. ನನಗೂ ತಗೋ ಅಂತ ಒತ್ತಾಯ ಮಾಡುತ್ತಿದ್ದಾರೆ. ತಗೊಳ್ಳಬಹುದಾ? (ಪುತ್ತೂರಿನ ಓದುಗರೊಬ್ಬರು)

ಉತ್ತರ: ಬೇಡ. ಒಂದು ರೂಪಾಯಿಯದ್ದೂ ಬೇಡ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ. ನಿಮ್ಮ ಭಾವ ಹೇಳಿದ್ದರಲ್ಲಿ ಅರ್ಧ ನಿಜ ಇದೆ, ಜನ ನಂಬುವುದು ಆ ಅರ್ಧದಿಂದಲೇ.

1990ಕ್ಕೆ ಮೊದಲು ಇರಾಕ್ ಸರ್ಕಾರ ನಿಗದಿ ಮಾಡಿದ್ದ ದರದಲ್ಲಿ ಒಂದು ದಿನಾರ್‌ಗೆ ಮೂರು ಡಾಲರ್‌ಗೂ ಹೆಚ್ಚು ಬೆಲೆ ಇದ್ದದ್ದು ನಿಜ. ಇನ್ನೂ ಹಿಂದಕ್ಕೆ ಹೋದರೆ ಅಲ್ಲಿ ಚಲಾವಣೆಯಲ್ಲಿದ್ದದ್ದು ನಮ್ಮ ರೂಪಾಯಿಯೇ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ ಜೊತೆ ಬಸ್ರಾ, ಬಾಗ್ದಾದ್ ಸೇರಿದ ರೂಪಾಯಿಯನ್ನು ತೆಗೆದು 1932ರಲ್ಲಿ ದಿನಾರ್ ತಂದಾಗ ಅದರ ಬೆಲೆ ಒಂದು ಪೌಂಡ್‌ಗೆ ಸಮ, ಅಂದರೆ ಹದಿಮೂರು ರೂಪಾಯಿಗೂ ಸ್ವಲ್ಪ ಮೇಲೆ. ಈಗ ಅಧಿಕೃತ ದರದಲ್ಲಿ ಒಂದು ಡಾಲರ್‌ಗೆ ಸುಮಾರು 1,310 ದಿನಾರ್. ಹಳೇ ದರ ಬಂದರೆ ಭಾವನವರ 10 ಲಕ್ಷ ದಿನಾರ್ 32 ಲಕ್ಷ ಡಾಲರ್ ಆಗುತ್ತದೆ, ಇಪ್ಪತ್ತೈದು ಕೋಟಿ ರೂಪಾಯಿಗೂ ಮೇಲೆ. ಈ ಲೆಕ್ಕ ಕೇಳಿದವರಿಗೆ ರಾತ್ರಿ ನಿದ್ದೆ ಬರುವುದಿಲ್ಲ.

ಆದರೆ ಒಂದು ದಿನಾರ್‌ಗೆ ಎಷ್ಟು ಡಾಲರ್ ಅಂತ ಕೇಳುವವರು, ಅಂಥ ದಿನಾರ್ ಎಷ್ಟಿವೆ ಅಂತ ಕೇಳುವುದೇ ಇಲ್ಲ. ಇವತ್ತು ಇರಾಕ್ ಹೊರತಂದಿರುವ ನೋಟುಗಳ ಮೊತ್ತ ಸುಮಾರು 100 ಲಕ್ಷ ಕೋಟಿ ದಿನಾರ್. ಒಂದು ದಿನಾರ್‌ಗೆ ಮೂರು ಡಾಲರ್ ಬೇಡ, ಒಂದೇ ಡಾಲರ್ ಅಂತ ಇಟ್ಟುಕೊಳ್ಳಿ. ಆಗ ಆ ನೋಟುಗಳ ಬೆಲೆ 100 ಲಕ್ಷ ಕೋಟಿ ಡಾಲರ್ ಆಗುತ್ತದೆ. ಇಡೀ ಪ್ರಪಂಚ ಒಂದು ವರ್ಷದಲ್ಲಿ ದುಡಿದು ಉತ್ಪಾದಿಸುವುದೂ ಹೆಚ್ಚುಕಡಿಮೆ ಅಷ್ಟೇ. ಇರಾಕ್‌ನ ಕೇಂದ್ರ ಬ್ಯಾಂಕಿನ ಮೀಸಲು ಸುಮಾರು 10 ಸಾವಿರ ಕೋಟಿ ಡಾಲರ್, ಅಂದರೆ ಅದರ ಸಾವಿರದಲ್ಲೊಂದು ಪಾಲು.

ಇಷ್ಟು ನೋಟು ಬಂದದ್ದು ಹೇಗೆ ಅನ್ನುವುದು ನನಗೆ ಈ ಕಥೆಯಲ್ಲೇ ಅತ್ಯಂತ ಬೆಲೆಬಾಳುವ ಭಾಗ. 1990ರಲ್ಲಿ ಕುವೈತ್ ಮೇಲೆ ದಾಳಿ ಮಾಡಿದ ಇರಾಕ್ ಮೇಲೆ ವಿಶ್ವಸಂಸ್ಥೆಯ ನಿರ್ಬಂಧ ಬಿತ್ತು. ಅಲ್ಲಿಯವರೆಗೆ ಇಂಗ್ಲೆಂಡಿನಲ್ಲಿ ಅಚ್ಚಾಗಿ ಬರುತ್ತಿದ್ದ ಒಳ್ಳೆಯ ನೋಟು ನಿಂತುಹೋಯಿತು. ಜನ ಅದನ್ನು 'ಸ್ವಿಸ್ ದಿನಾರ್' ಅನ್ನುತ್ತಿದ್ದರು. ಸದ್ದಾಂ ಹುಸೇನ್ ಸರ್ಕಾರ ಅವನದೇ ಮುಖ ಹಾಕಿ ಕಳಪೆ ಕಾಗದದ ಮೇಲೆ ನೋಟು ಅಚ್ಚು ಹಾಕಿಸುತ್ತಲೇ ಹೋಯಿತು. 1995ರ ಕೊನೆಯ ಹೊತ್ತಿಗೆ ಮಾರುಕಟ್ಟೆಯಲ್ಲಿ ಒಂದು ಡಾಲರ್‌ಗೆ ಸುಮಾರು 3,000 ದಿನಾರ್ ಕೊಡಬೇಕಾಗಿತ್ತು. ಅದೇ ಹೊತ್ತಿಗೆ ಇರಾಕ್‌ನ ಉತ್ತರದಲ್ಲಿ, ಬಾಗ್ದಾದ್ ಹಿಡಿತದಲ್ಲಿಲ್ಲದ ಕುರ್ದಿಸ್ತಾನದ ಜನ ಹಳೆಯ ಸ್ವಿಸ್ ದಿನಾರನ್ನೇ ಬಳಸುತ್ತಿದ್ದರು. ಅದರ ಹಿಂದೆ ಯಾವ ಬ್ಯಾಂಕೂ ಇರಲಿಲ್ಲ, ಬಾಗ್ದಾದ್ ಅದನ್ನು ರದ್ದು ಮಾಡಿತ್ತು. ನೋಟುಗಳು ಸವೆದು, ಹರಿದು, ಕೈಯಿಂದ ಕೈಗೆ ಹೋಗುತ್ತಿದ್ದವು. ಆದರೂ ಅದರ ಬೆಲೆ ನಿಂತಿತು, ಯಾಕೆಂದರೆ ಹೊಸದಾಗಿ ಒಂದು ನೋಟನ್ನೂ ಯಾರೂ ಅಚ್ಚು ಹಾಕುವಂತಿರಲಿಲ್ಲ. ಸದ್ದಾಂ ಬಿದ್ದ ಮೇಲೆ, 2003ರ ಅಕ್ಟೋಬರ್ 15ರಿಂದ 2004ರ ಜನವರಿ 15ರವರೆಗೆ ಹಳೇ ನೋಟು ಕೊಟ್ಟು ಹೊಸತು ಪಡೆಯಲು ಅವಕಾಶ ಇತ್ತು. ಸದ್ದಾಂ ನೋಟಿನ ಒಂದು ದಿನಾರ್‌ಗೆ ಒಂದು ಹೊಸ ದಿನಾರ್ ಸಿಕ್ಕಿತು. ಹರಿದ ಆ ಸ್ವಿಸ್ ನೋಟಿನ ಒಂದು ದಿನಾರ್‌ಗೆ ಸಿಕ್ಕಿದ್ದು 150.

ಆ ಬದಲಾವಣೆಗೆ ಮುಂಚೆಯೇ, ಯುದ್ಧ ಬರುತ್ತದೆ, ಸದ್ದಾಂ ಹೋಗುತ್ತಾನೆ ಅನ್ನುವ ನಿರೀಕ್ಷೆಯಲ್ಲೇ ಸ್ವಿಸ್ ದಿನಾರ್ ಡಾಲರ್ ಎದುರು ಏರಿತ್ತು. ಹಾಗಾಗಿ ರಾಜಕೀಯ ನೋಡಿ ಹಣದ ಮೇಲೆ ಬಾಜಿ ಕಟ್ಟಿದವರಿಗೆ ಲಾಭವೇ ಆಗುವುದಿಲ್ಲ ಅಂತ ನಾನು ಹೇಳಲಾರೆ. ಆದರೆ ಅದು ಹೊಸದಾಗಿ ಅಚ್ಚಾಗದ, ಇದ್ದಷ್ಟೇ ಇದ್ದ ನೋಟು. ಭಾವನವರ ಹತ್ತಿರ ಇರುವುದು 100 ಲಕ್ಷ ಕೋಟಿಯ ರಾಶಿಯಿಂದ ಬಂದ ನೋಟು.

ದಿನಾರ್ ಮಾರುವವರು ಕುವೈತ್ ಉದಾಹರಣೆಯನ್ನು ತಪ್ಪದೆ ತರುತ್ತಾರೆ. 1991ರಲ್ಲಿ ಕುವೈತ್ ದಿನಾರ್ ರಾತ್ರೋರಾತ್ರಿ ಏರಿತು, ಕೊಂಡಿಟ್ಟವರು ಶ್ರೀಮಂತರಾದರು ಅಂತ. ಅಲ್ಲಿ ಆದದ್ದೇ ಬೇರೆ. ಕುವೈತ್ ನೋಟಿನ ಬೆಲೆಯನ್ನು ಅತಿಯಾದ ಅಚ್ಚು ಕೊಂದಿರಲಿಲ್ಲ. ಆಕ್ರಮಿಸಿಕೊಂಡವರು ಅದನ್ನು ರದ್ದು ಮಾಡಿದ್ದರು, ಅಷ್ಟೆ. ಏಳು ತಿಂಗಳಲ್ಲಿ ಸರ್ಕಾರ ಮರಳಿ ಬಂತು, ಅದರ ಸಂಪತ್ತು ವಿದೇಶದಲ್ಲಿ ಭದ್ರವಾಗಿತ್ತು, ಹಳೇ ಬೆಲೆಗೇ ಹೊಸ ನೋಟು ಕೊಟ್ಟಿತು. ಇರಾಕಿಗಳು ಲೂಟಿ ಮಾಡಿ ಒಯ್ದ ನೋಟುಗಳ ಸರಣಿಯನ್ನು ಮಾತ್ರ ಒಪ್ಪಲಿಲ್ಲ.

ಇನ್ನು 'ದೇಶ ಚೇತರಿಸಿದರೆ ಹಣದ ಬೆಲೆ ಏರಲೇಬೇಕಲ್ಲ' ಅನ್ನುವ ಮಾತು. ಕೇಳಲು ನ್ಯಾಯವಾಗಿದೆ. 10,000 ದಿನಾರ್ ನೋಟಿನ ಹಿಂಬದಿ ನೋಡಿ, ಮೋಸುಲ್ ಊರಿನ ಬಾಗಿದ ಹದ್ಬಾ ಮಿನಾರ್ ಇದೆ. 2014ರ ಜೂನ್‌ನಲ್ಲಿ ಮೋಸುಲ್ ಐಸಿಸ್ ಕೈಗೆ ಬಿತ್ತು. 2017ರ ಜೂನ್‌ನಲ್ಲಿ ಅವರು ಆ ಮಿನಾರನ್ನೇ ಸ್ಫೋಟಿಸಿದರು. ಮರು ತಿಂಗಳು ಊರು ಮತ್ತೆ ಸರ್ಕಾರದ ವಶಕ್ಕೆ ಬಂತು. ಅದೇ ಸೆಪ್ಟೆಂಬರ್‌ನಲ್ಲಿ ಕುರ್ದಿಸ್ತಾನ ಪ್ರತ್ಯೇಕ ದೇಶಕ್ಕಾಗಿ ಜನಮತ ಕೇಳಿತು, ಅಕ್ಟೋಬರ್‌ನಲ್ಲಿ ಕುರ್ದರ ಕೈಯಲ್ಲಿದ್ದ ಕಿರ್ಕುಕ್ ಊರಿಗೆ ಬಾಗ್ದಾದ್ ಸೇನೆ ನುಗ್ಗಿತು. ಇಷ್ಟೆಲ್ಲ ಆಗುವಾಗ ಅಧಿಕೃತ ದರ ಎಲ್ಲಿತ್ತು? ಡಾಲರ್‌ಗೆ 1,180ರ ಆಸುಪಾಸಿನಲ್ಲೇ. ಸೋಲಿಗೆ ಕುಸಿಯಲಿಲ್ಲ, ಗೆಲುವಿಗೆ ಏರಲಿಲ್ಲ. ಅದು ಸಂತೆಯಲ್ಲಿ ಏರಿಳಿಯುವ ದರ ಅಲ್ಲ, ಕೇಂದ್ರ ಬ್ಯಾಂಕ್ ಡಾಲರ್‌ಗೆ ಕಟ್ಟಿಹಾಕಿದ ದರ.

ಹಾಗೆ ದರ ಕಟ್ಟಿಹಾಕುವವರಿಗೆ ಏನು ಬೇಕು ಅನ್ನುವುದನ್ನು ನೋಡಬೇಕು. ಇರಾಕ್ ಸರ್ಕಾರದ ವರಮಾನದಲ್ಲಿ ಸುಮಾರು ಶೇ. 90 ತೈಲದ್ದು. ತೈಲ ಮಾರಿದ ಡಾಲರ್ ನ್ಯೂಯಾರ್ಕ್‌ನ ಫೆಡರಲ್ ರಿಸರ್ವ್ ಬ್ಯಾಂಕಿನಲ್ಲಿರುವ ಖಾತೆಗೆ ಬೀಳುತ್ತದೆ. ಆ ಡಾಲರನ್ನು ಹಣಕಾಸು ಸಚಿವಾಲಯದಿಂದ ಕೇಂದ್ರ ಬ್ಯಾಂಕ್ ಕೊಂಡು ದಿನಾರ್ ಕೊಡುತ್ತದೆ. ಆ ದಿನಾರ್‌ನಲ್ಲಿ ಲಕ್ಷಾಂತರ ನೌಕರರ ಸಂಬಳ, ಪಿಂಚಣಿ ನಡೆಯುತ್ತದೆ. ಬರುವುದು ಡಾಲರ್, ಹೋಗುವುದು ದಿನಾರ್. ದಿನಾರ್ ಅಗ್ಗವಾದಷ್ಟೂ ಸರ್ಕಾರಕ್ಕೆ ಅನುಕೂಲ. 2020ರಲ್ಲಿ ಕೋವಿಡ್‌ನಿಂದ ತೈಲದ ಬೆಲೆ ಬಿದ್ದು ಸಂಬಳಕ್ಕೆ ತತ್ವಾರ ಬಂದಾಗ ಮಾಡಿದ್ದೂ ಅದನ್ನೇ. ಡಿಸೆಂಬರ್‌ನಲ್ಲಿ ದಿನಾರ್‌ನ ಬೆಲೆಯನ್ನು ಡಾಲರ್‌ಗೆ 1,182ರಿಂದ 1,450ಕ್ಕೆ ಇಳಿಸಿತು. ಏರಿಕೆ ಕಾಯುತ್ತಿದ್ದವರ 10 ಲಕ್ಷ ದಿನಾರ್ 846 ಡಾಲರ್‌ನಿಂದ 690ಕ್ಕೆ ಬಂತು. 2023ರ ಫೆಬ್ರವರಿಯಲ್ಲಿ ದಿನಾರ್‌ನ ಬೆಲೆಯನ್ನು ಮತ್ತೆ ಡಾಲರ್‌ಗೆ 1,300ಕ್ಕೆ ಏರಿಸಿದ್ದು ನಿಜ. ಆಗ ಎಷ್ಟೋ ಜನ 'ಶುರುವಾಯಿತು' ಅಂತ ಕುಣಿದಾಡಿದರು. ಅದು ಶೇ. 10ರಷ್ಟು ಸರಿಪಡಿಸಿದ್ದು, 2020ಕ್ಕೆ ಮುಂಚಿನ ಮಟ್ಟವನ್ನೂ ಮುಟ್ಟಲಿಲ್ಲ.

ಒಂದು ದಿನಾರ್ ಒಂದು ಡಾಲರ್ ಆದರೆ ಆ ಸರ್ಕಾರದ ಗತಿ ಏನು ಅಂತ ಯೋಚಿಸಿ. ತಿಂಗಳಿಗೆ ಏಳೆಂಟು ನೂರು ಕೋಟಿ ಡಾಲರ್ ತೈಲದ ದುಡ್ಡು ಬರುತ್ತದೆ, ಅದು ಏಳೆಂಟು ನೂರು ಕೋಟಿ ದಿನಾರ್ ಆಗುತ್ತದೆ. ಸಂಬಳಕ್ಕೆ ಬೇಕಾದದ್ದು ಹಲವು ಲಕ್ಷ ಕೋಟಿ ದಿನಾರ್. ಮೊದಲ ತಿಂಗಳೇ ದಿವಾಳಿ.

'ಸೊನ್ನೆ ತೆಗೆಯುತ್ತಾರಂತೆ' ಅನ್ನುವುದನ್ನೂ ಕೇಳಿರುತ್ತೀರಿ. ನೋಟಿನಿಂದ ಮೂರು ಸೊನ್ನೆ ತೆಗೆಯುವ ಯೋಚನೆ ಬಾಗ್ದಾದ್‌ನಲ್ಲಿ ಬಹಳ ವರ್ಷದಿಂದ ಇದೆ. ಟರ್ಕಿ 2005ರಲ್ಲಿ ಆರು ಸೊನ್ನೆ ತೆಗೆಯಿತು. ಹಾಗೆ ಮಾಡಿದಾಗ 25,000ದ ನೋಟು ಕೊಟ್ಟರೆ ಹೊಸ 25 ಸಿಗುತ್ತದೆ, ಅಕ್ಕಿಯ ಬೆಲೆ, ಸಂಬಳ ಎಲ್ಲದರಿಂದಲೂ ಮೂರು ಸೊನ್ನೆ ಹೋಗುತ್ತದೆ. ಭಾವನವರ 10 ಲಕ್ಷ, 1,000 ಆಗುತ್ತದೆ. ಕೊಳ್ಳುವ ಶಕ್ತಿ ಒಂದು ಪೈಸೆಯೂ ಹೆಚ್ಚುವುದಿಲ್ಲ.

ದುಡ್ಡು ಮಾಡಿಕೊಂಡವರು ನೋಟು ಮಾರಿದವರು. ಅಮೆರಿಕದ ಜಾರ್ಜಿಯಾ ರಾಜ್ಯದ ಒಂದು ಕಂಪನಿ 2010ರಿಂದ 2015ರ ನಡುವೆ ಈ ವ್ಯವಹಾರದಲ್ಲಿ 60 ಕೋಟಿ ಡಾಲರ್‌ಗೂ ಹೆಚ್ಚು ವಹಿವಾಟು ಮಾಡಿತು. ಬೆಲೆ ಇಂದೋ ನಾಳೆಯೋ ಏರುತ್ತದೆ ಅಂತ ಸುದ್ದಿ ಹಬ್ಬಿಸುವವರಿಗೆ ಗುಟ್ಟಾಗಿ ಹಣ ಕೊಟ್ಟಿದ್ದಕ್ಕೆ ಅದನ್ನು ನಡೆಸಿದವರಿಗೆ ಶಿಕ್ಷೆಯಾಯಿತು. ಕೊಂಡವರಲ್ಲಿ ನಿವೃತ್ತಿಯ ಹಣ ಸುರಿದವರಿದ್ದರು, ಇರಾಕ್‌ನಲ್ಲಿ ಸೇವೆ ಮಾಡಿ ಬಂದ ಸೈನಿಕರಿದ್ದರು. ಅವರನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಆ ದೇಶ ಉದ್ಧಾರ ಆಗಲಿ ಅಂತ ಮನಸಾರೆ ಬಯಸಿದವರೇ ಅವರಲ್ಲಿ ಎಷ್ಟೋ ಜನ.

ನೀವು ಪುತ್ತೂರಿನಲ್ಲಿರುವುದರಿಂದ ಇನ್ನೊಂದು ವಿಷಯ. ಭಾರತದಲ್ಲಿ ವಾಸಿಸುವವರು ವಿದೇಶ ಪ್ರಯಾಣದಲ್ಲಿ ಉಳಿದದ್ದು, ಹೊರದೇಶದವರು ಉಡುಗೊರೆ ಕೊಟ್ಟದ್ದು, ಇಂಥ ವಿದೇಶಿ ನೋಟುಗಳನ್ನು 2,000 ಡಾಲರ್ ಬೆಲೆಯವರೆಗೆ ಇಟ್ಟುಕೊಳ್ಳಬಹುದು. ಲಾಭದ ಆಸೆಗೆ ಏಜೆಂಟರ ಕೈಯಿಂದ ನೋಟು ಕೊಂಡು ಕೂಡಿಡಲು ಆ ನಿಯಮದಲ್ಲಿ ಜಾಗವಿಲ್ಲ.

ಭಾವನವರ ಜೊತೆ ಜಗಳ ಬೇಡ. ತಗೊಂಡ ನೋಟುಗಳನ್ನು ದುಬೈಯ ಯಾವುದಾದರೂ ಎಕ್ಸ್‌ಚೇಂಜ್ ಕೌಂಟರಿಗೆ ಒಯ್ದು, 'ಇವನ್ನು ವಾಪಸ್ ತಗೊಂಡರೆ ಎಷ್ಟು ಕೊಡುತ್ತೀರಿ' ಅಂತ ಒಂದೇ ಮಾತು ಕೇಳಲು ಹೇಳಿ. ಅಧಿಕೃತ ದರದಲ್ಲೇ ಲೆಕ್ಕ ಹಾಕಿದರೂ ಸುಮಾರು 2,800 ದಿರ್ಹಮ್ ಆಗುತ್ತದೆ. ಕೌಂಟರಿನವರು ಹೇಳುವುದು ಅದಕ್ಕಿಂತ ಕಡಿಮೆಯೇ ಇರುತ್ತದೆ. ಆ ಉತ್ತರ ಕೇಳಿಕೊಂಡು ಬಂದ ಮೇಲೆ ನಿಮಗೆ ಕೊಳ್ಳಲು ಹೇಳುತ್ತಾರೋ ನೋಡೋಣ.