ಗಟ್ಟಿ ಕಲ್ಲಿಗೆ ಮೆದು ಬ್ಲೇಡು

ಮಳೆಗಾಲದಲ್ಲಿ ಎರೆಮಣ್ಣಿನ ರಾಡಿ ಮನೆಯೊಳಗೆ ಬರದಿರಲೆಂದು ಹುಬ್ಬಳ್ಳಿ-ಧಾರವಾಡದ ಬಡಾವಣೆಗಳಲ್ಲಿ ಅಂಗಳಕ್ಕೆ ಪೇವರ್ಸ್, ಅಂದರೆ ನೆಲಕ್ಕೆ ಹಾಸುವ ಸಿಮೆಂಟ್ ಬಿಲ್ಲೆ, ಹಾಕಿಸುತ್ತಾರೆ. ನಡುವಿನ ಸಾಲುಗಳು ಬೇಗ ಮುಗಿಯುತ್ತವೆ. ಗೋಡೆಯಂಚಿನಲ್ಲಿ, ಗಟಾರದ ಬಾಯಲ್ಲಿ ಒಂದೊಂದು ತುಂಡನ್ನೂ ಅಳತೆಗೆ ಕತ್ತರಿಸುವಾಗ ಕೆಲಸ ನಿಲ್ಲುತ್ತದೆ. ಯಾವ ಯಂತ್ರ ತರಬೇಕೆಂದು ಆಗ ಕೇಳುತ್ತಾರೆ. ಆದರೆ ಉತ್ತರ ಇರುವುದು ಕಲ್ಲಿನಲ್ಲಿ.

ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯ ನವಿರು ಕೆತ್ತನೆ ಉಳಿಗೆ ಒಲಿದದ್ದು ಅದು ಬಳಪದ ಕಲ್ಲಿನ ಬಳಗದ ಮೆದು ಶಿಲೆಯಾದ್ದರಿಂದ. ಅದರಲ್ಲಿರುವ ಕ್ಲೋರೈಟ್ ಖನಿಜದ ಗಡಸುತನ, ಖನಿಜಗಳನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ, ಸುಮಾರು 2ರಿಂದ 2.5. ಶಹಾಬಾದ್ ಫರಸಿ ಸುಣ್ಣಕಲ್ಲು, ಅದರ ಕ್ಯಾಲ್ಸೈಟಿನದು 3. ಗ್ರಾನೈಟಿನಲ್ಲೂ ಮರಳಿನಲ್ಲೂ ಇರುವ ಕ್ವಾರ್ಟ್ಜ್ 7ಕ್ಕೆ ಏರುತ್ತದೆ. ವಜ್ರ 10.

ಇಂಥ ಕಲ್ಲುಗಳನ್ನು ಕತ್ತರಿಸುವ ಡೈಮಂಡ್ ಬ್ಲೇಡಿಗೆ ಗರಗಸದಂತೆ ಹಲ್ಲಿನ ಮೊನೆಯಿಲ್ಲ. ಅಂಚಿನ ಲೋಹದ ಪುಡಿಯಲ್ಲಿ ಹುದುಗಿದ ವಜ್ರದ ಹರಳುಗಳು ಕಲ್ಲನ್ನು ಅರೆದು ತೆಗೆಯುತ್ತವೆ. ಮೇಲಿನ ಹರಳು ಮೊಂಡಾದಾಗ ಸುತ್ತಲಿನ ಲೋಹ ಸವೆದು ಅದನ್ನು ಉದುರಿಸಿ, ಒಳಗಿನ ಹೊಸ ಹರಳನ್ನು ಹೊರಗೆ ತರಬೇಕು. ಗ್ರಾನೈಟಿನ ನುಣ್ಣನೆಯ ಪುಡಿ ಲೋಹವನ್ನು ಹೆಚ್ಚು ಸವೆಸದು, ಆದ್ದರಿಂದ ಅದಕ್ಕೆ ಮೆದು ಬಂಧದ, ಅಂದರೆ ಹರಳು ಹಿಡಿದಿರುವ ಲೋಹ ಬೇಗ ಸವೆಯುವ, ಬ್ಲೇಡು ಬೇಕು. ಮರಳು ತುಂಬಿದ ಸಿಮೆಂಟ್ ಪೇವರ್ ಲೋಹವನ್ನು ಬೇಗ ತಿನ್ನುವುದರಿಂದ ಅದಕ್ಕೆ ಗಟ್ಟಿ ಬಂಧದ ಬ್ಲೇಡೇ ಸರಿ. ಈ ತಿರುಗುಮುರುಗು ನನಗೆ ಇಂದಿಗೂ ಬೆರಗು. ಪೇವರಿನ ಬ್ಲೇಡನ್ನು ಗ್ರಾನೈಟಿಗೆ ಹಚ್ಚಿದರೆ ಅಂಚು ಗಾಜಿನಂತೆ ಹೊಳೆದು, ಬರೀ ಬಿಸಿಯಾಗುತ್ತದೆ, ಕತ್ತರಿಸುವುದಿಲ್ಲ. ಅದನ್ನು ಎಸೆಯಬೇಕಿಲ್ಲ, ಒರಟು ಮರಳುಗಲ್ಲಿನಲ್ಲಿ ನಾಲ್ಕಾರು ಬಾರಿ ಓಡಿಸಿದರೆ ಹೊಸ ಹರಳು ತೆರೆದುಕೊಳ್ಳುತ್ತದೆ.

ಯಂತ್ರದ ಮಾತು ಇದಾದ ಮೇಲೆ ಬರುತ್ತದೆ. ನಾಲ್ಕು ಇಂಚಿನ ಬ್ಲೇಡು ಹಾಕಿದ ಕೈಗ್ರೈಂಡರ್ 60 ಮಿಲಿಮೀಟರ್ ದಪ್ಪದ ಪೇವರನ್ನು ಒಂದೇ ಸಲಕ್ಕೆ ಪಾರು ಮಾಡದು. ಎರಡೂ ಮಗ್ಗುಲಿಂದ ಗೀರಿ ಉಳಿದದ್ದನ್ನು ಒಡೆಯಬೇಕು. ನೂರಾರು ತುಂಡುಗಳಿದ್ದರೆ ಹದಿನಾಲ್ಕು ಇಂಚಿನ, ನೀರು ಹಾಯುವ ಕಟರನ್ನು ಬಾಡಿಗೆಗೆ ತರುವುದು ಮೇಲು. ಅಂಚು ಮಣ್ಣಿನಡಿ ಮುಚ್ಚಿಹೋಗುವಲ್ಲಿ ಹಿಡಿಕೆ ಒತ್ತಿ ಒಡೆಯುವ ಸ್ಪ್ಲಿಟರ್ ಸಾಕು, ಅದಕ್ಕೆ ಕರೆಂಟೂ ಬೇಡ.

ನೀರಿನ ಬಗ್ಗೆ ನಾನು ಹಟ ಹಿಡಿಯುತ್ತೇನೆ. ಒಣ ಕತ್ತರಿಕೆಯ ಧೂಳಿನಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾ, ಅಂದರೆ ಕ್ವಾರ್ಟ್ಜಿನ, ಕಣಗಳು ಶ್ವಾಸಕೋಶದ ತಳಕ್ಕಿಳಿದು ಅಲ್ಲೇ ಕೂರುತ್ತವೆ. ಅವುಗಳಿಂದ ಬರುವ ಸಿಲಿಕೋಸಿಸ್ ವಾಸಿಯಾಗುವ ರೋಗವಲ್ಲ. ಮುಖಕ್ಕೆ ಸುತ್ತಿದ ಟವೆಲ್ಲು ಅವನ್ನು ತಡೆಯದು. ಎನ್-95 ಮಾಸ್ಕ್ ಬೇಕು. ಸಾದಾ ಗ್ರೈಂಡರಿಗೆ ಕೈಯಿಂದ ನೀರು ಸುರಿಯಬಾರದು, ಕರೆಂಟ್ ಹೊಡೆಯುತ್ತದೆ. ನೀರಿಗೆಂದೇ ಮಾಡಿದ ಕಟರನ್ನೇ ತರಬೇಕು.